ನಮ್ಮನೆಯಿಂದ ಮೂರನೇ ಮನೆ

ನಮ್ಮ ಆಫೀಸಿನ ಕಬ್ಬಿಣದ ಬೀರುವಿನಲ್ಲಿ ಒಂದು ಫೈಲ್ ಇದೆ. ಅದರಲ್ಲಿ "ತಪ್ಪಿನ ಮೂಲ ಕಾರಣ" ಅನ್ನೋ ಸಾಲಿನ ಮುಂದೆ ಇಂಗ್ಲಿಷಿನಲ್ಲಿ ಹೀಗೆ ಬರೆದಿದೆ: ಆಪರೇಟರ್ ರಾಮಾಂಜಿನಪ್ಪ, ಎಣಿಕೆಯಲ್ಲಿ ತಪ್ಪು. ಕೆಳಗೆ ಮೂರು ಸಹಿ. ಒಂದು ಅವರದು, ಒಂದು ಮ್ಯಾನೇಜರ್ ಅನಿಲ್‌ಕುಮಾರ್ ಸಾರ್‌ದು, ಒಂದು ನಂದು. ಆ ಫೈಲನ್ನ ಬದಲಾಯಿಸೋಕೆ ನನ್ನ ಕೈಲಿ ಆಗ್ಲಿಲ್ಲ. ಅದಕ್ಕೇ ಆ ಮನುಷ್ಯನ ವಿಷಯ ಇಲ್ಲಿ ಬರೀತಿದ್ದೀನಿ. ಯಾರಾದ್ರೂ ಒಬ್ರು ಫೈಲ್ ಬಿಟ್ಟು ಇದನ್ನ ಓದ್ಲಿ.

ನನ್ನ ಹೆಸರು ಪ್ರಮೋದಾ. ದೊಡ್ಡಬಳ್ಳಾಪುರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಕೆಮಿಕಲ್ ಕಂಪನಿಯ ಲ್ಯಾಬಲ್ಲಿ ಹದಿನಾಲ್ಕು ವರ್ಷದಿಂದ ಇದ್ದೀನಿ. ಕಂಪನಿ ಹೆಸರು ಬೇಡ, ಹೇಳಿದ್ರೂ ನಿಮಗೆ ಗೊತ್ತಾಗಲ್ಲ. ನಾವು ಮಾತ್ರೆ ಮಾಡೋರಲ್ಲ. ಮಾತ್ರೆಗೆ ಬೇಕಾದ ಔಷಧಿ ಮಾಡೋರು ಬೇರೆ ಇರ್ತಾರಲ್ಲ, ಅವರಿಗೆ ಅದರ ಬಿಡಿ ತುಂಡುಗಳನ್ನ ಮಾಡಿ ಕೊಡೋರು ನಾವು. ಮದುವೆ ಮನೇಲಿ ಬಡಿಸೋರನ್ನ ಎಲ್ಲರೂ ನೋಡ್ತಾರೆ, ಹಿಂದ್ಗಡೆ ಕೂತು ಕಾಯಿ ತುರಿಯೋರನ್ನ ಯಾರು ನೋಡ್ತಾರೆ ಹೇಳಿ? ನಾವು ಕಾಯಿ ತುರಿಯೋರು.

"ಅದೇನಮ್ಮಾ ನೀನು ಮಾಡೋದು?" ಅಂತ ನೆಂಟರು ಕೇಳ್ತಾರೆ. ಬ್ರೋಮಿನ್ ಅಂಟಿಸಿದ ಬೆಂಜೀನ್ ಉಂಗುರ ಅಂದ್ರೆ ಸುಮ್ಮನೆ ಮುಖ ನೋಡ್ತಾರೆ. ಎಂಎಸ್‌ಸಿ ಓದಿದ ನನಗೆ ಅದನ್ನ ಬಿಡಿಸಿ ಹೇಳೋಕೆ ಇವತ್ತಿಗೂ ಬರಲ್ಲ. ಬರ್ತಿದ್ದಿದ್ದು ಎಸ್ಸೆಸ್ಸೆಲ್ಸಿ ಫೇಲಾಗಿದ್ದ ರಾಮಾಂಜಿನಪ್ಪನೋರಿಗೆ. ಹೊಸದಾಗಿ ಯಾರೇ ಪ್ಲಾಂಟಿಗೆ ಸೇರಲಿ, ಟೀ ಬ್ರೇಕಲ್ಲಿ ಕೂರಿಸ್ಕೊಂಡು ಅವರದೊಂದು ಪಾಠ ಇರ್ತಿತ್ತು.

"ಒಂದು ವಠಾರ ಅಂದ್ಕೊಳಪ್ಪ. ಸುತ್ತ ಆರೇ ಮನೆ, ನಡುವೆ ಅಂಗಳ. ಒಂದು ಮನೇಲಿ ಯಜಮಾನ ಅವನೆ, ಅವನು ಅಲ್ಲಾಡಲ್ಲ. ಇನ್ನೊಂದು ಮನೇಲಿ ಬ್ರೋಮಿನ್ನು. ಅವನು ಬಾಡಿಗೆಯೋನು. ನಮಗೆ ಬೇಕಾದೋನು ಬರೋಗಂಟ ಮನೆ ಕಾಯ್ತಾನೆ, ಬಂದ ತಕ್ಷಣ ಗಲಾಟೆ ಮಾಡ್ದೆ ಖಾಲಿ ಮಾಡ್ಕೊಂಡು ಹೋಗ್ತಾನೆ. ಕ್ಲೋರಿನ್ನೂ ಬಾಡಿಗೆಯೋನೇ, ಆದ್ರೆ ಎಬ್ಬಿಸೋಕೆ ಪೊಲೀಸ್ರೇ ಬರ್ಬೇಕು. ಅಯೋಡಿನ್ನು ಕೆಮ್ಮಿದ್ರೆ ಓಡೋಗ್ತಾನೆ, ಬಾಳಿಕೆ ಬರಲ್ಲ. ಅದಕ್ಕೇ ನಮ್ಮ ಕೆಲಸಕ್ಕೆ ಬ್ರೋಮಿನ್ನೇ ಸರಿ."

ಆಮೇಲೆ ಮನೆಗಳ ಲೆಕ್ಕ. ಯಜಮಾನನ ಪಕ್ಕದ್ಮನೇಲಿ ಬ್ರೋಮಿನ್ ಇದ್ರೆ ಅದು ಆರ್ಥೋ. ಒಂದ್ಮನೆ ಬಿಟ್ಟು ಇದ್ರೆ ಮೆಟಾ. ಎದುರುಮನೇಲಿ ಇದ್ರೆ ಪ್ಯಾರಾ. "ಬ್ರೋಮಿನ್ ಯಾವ ಮನೆ ಬಿಟ್ಟು ಹೋದ್ನೋ ಹೊಸಬ ಅದೇ ಮನೆಗೇ ಬರೋದು. ಮನೆ ತಪ್ಪಿದ್ರೆ ಅದು ಔಷಧಿನೇ ಅಲ್ಲ, ಚರಂಡಿಗೆ ಸುರಿಯೋ ನೀರು" ಅಂತ ಮುಗಿಸೋರು. ಕಾಲೇಜಲ್ಲಿ ನಾನು ಎರಡು ಸೆಮಿಸ್ಟರ್ ಓದಿದ್ದು ಅಷ್ಟೇ.

ಅವರು ಸಾಸಲು ಕಡೆಯೋರು. ಇಪ್ಪತ್ತಾರು ವರ್ಷದ ಹಿಂದೆ ಡ್ರಮ್ ಉರುಳಿಸೋ ಕೆಲಸಕ್ಕೆ ಅಂತ ಬಂದು, ನೋಡ್ತಾ ನೋಡ್ತಾ ನಾಲ್ಕನೇ ನಂಬರ್ ರಿಯಾಕ್ಟರಿನ ಆಪರೇಟರ್ ಆದೋರು. ಕಪ್ಪಗೆ, ಸಣ್ಣಗೆ, ಹೆಗಲ ಮೇಲೆ ಯಾವಾಗಲೂ ಒಂದು ಟವಲ್. ಹೆಲ್ಮೆಟ್ ಹಾಕಿ ಅಂದ್ರೆ ಟವಲ್ ಮೇಲೆ ಹಾಕ್ಕೊಳ್ಳೋರು. ಅದಕ್ಕೆ ನಾನು ಬೈದಿದ್ದು ಎಷ್ಟು ಸಲವೋ. ನನಗೆ ಕೋಪ ಮೂಗಿನ ತುದೀಲೇ ಇರುತ್ತೆ, ಅದು ಇಡೀ ಕಂಪನಿಗೆ ಗೊತ್ತು. ಅವರು ಮಾತ್ರ "ಆಯ್ತು ಬಿಡಿ ಮೇಡಂ" ಅಂತ ನಕ್ಕು, ಮಾರನೇ ದಿನ ಮತ್ತೆ ಟವಲ್ ಮೇಲೇ ಹೆಲ್ಮೆಟ್.

ಅವರ ಕೈಗುಣ ಏನು ಅಂತ ಹೇಳ್ಬೇಕು. ಬ್ರೋಮಿನ್ ಇರೋ ದ್ರವವನ್ನ ಮೆಗ್ನೀಷಿಯಂ ಚೂರುಗಳ ಮೇಲೆ ಸ್ವಲ್ಪವೇ ಬಿಟ್ಟು ಕಾಯ್ಬೇಕು. ಎಷ್ಟು ಹೊತ್ತು ಅಂತ ಯಾವ ಪುಸ್ತಕದಲ್ಲೂ ಇಲ್ಲ. ಹತ್ತು ನಿಮಿಷವೂ ಆಗಬಹುದು, ಎರಡು ಗಂಟೆಯೂ ಆಗಬಹುದು. ಆತುರ ತಡೀದೆ ಇನ್ನಷ್ಟು ಬಿಟ್ಟಿರೋ, ಹಿಡ್ಕೊಂಡಾಗ ಎಲ್ಲಾ ಒಟ್ಟಿಗೇ ಉಕ್ಕಿ ಮೇಲೆ ಬರುತ್ತೆ, ಪ್ರಾಣಕ್ಕೇ ಕುತ್ತು. ರಾಮಾಂಜಿನಪ್ಪನೋರು ಸ್ಟೂಲ್ ಹಾಕ್ಕೊಂಡು, ರಿಯಾಕ್ಟರಿನ ಗಾಜಿನ ಕಿಂಡಿ ಕಡೆ ನೋಡ್ತಾ ಕೂರೋರು. ಆಮೇಲೆ ಮೆಲ್ಲಗೆ "ಹತ್ಕೊಂತು" ಅನ್ನೋರು. ಅವರು ಅಂದು ಒಂದು ನಿಮಿಷ ಆದ್ಮೇಲೆ ಥರ್ಮಾಮೀಟರ್ ಮೇಲಕ್ಕೆ ಏರೋಕೆ ಶುರು. ಇಪ್ಪತ್ತಾರು ವರ್ಷದಲ್ಲಿ ಅವರ ಕೈಲಿ ಒಂದು ಬ್ಯಾಚೂ ಕೆಟ್ಟಿರಲಿಲ್ಲ.

ಅವರಿಗೆ ಜೀವನದಲ್ಲಿ ಇದ್ದ ಭಯ ಒಂದೇ. ಅವರ ಅಣ್ಣ ಟೌನಲ್ಲಿ ಮಗ್ಗದ ಕೆಲಸ ಮಾಡ್ತಿದ್ರಂತೆ. ಐವತ್ತಾರು ಐವತ್ತೇಳಕ್ಕೇ ಎಣಿಕೆ ತಪ್ಪೋಕೆ ಶುರುವಾಯ್ತು. ಮೊದಲು ಎಳೆ ಲೆಕ್ಕ, ಆಮೇಲೆ ಮನೆಗೆ ಹೋಗೋ ಬಸ್ಸು, ಆಮೇಲೆ ಮಕ್ಕಳ ಹೆಸರು. ಈಗ ತಮ್ಮನ ಮನೇಲೇ ಇದಾರೆ, ಊಟ ಮಾಡಿಸೋ ತಮ್ಮನನ್ನೇ "ಯಾರಪ್ಪಾ ನೀನು?" ಅಂತಾರೆ. ಅವರ ಮೈ ತೊಳೆಸೋದರಿಂದ ಹಿಡಿದು ಎಲ್ಲಾ ಮಾಡೋದು ರಾಮಾಂಜಿನಪ್ಪನೋರ ಹೆಂಡತಿ ಅಮ್ಮಯಮ್ಮ.

"ನಮ್ಮಣ್ಣಂಗೂ ಮೊದ್ಲು ಎಣಿಕೆನೇ ಹೋಗಿದ್ದು ಮೇಡಂ. ನನಗೂ ಈಗ ಐವತ್ತಾರು" ಅಂತ ಒಂದು ದಿನ ಕ್ಯಾಂಟೀನಲ್ಲಿ ಹೇಳಿದ್ರು. ನಾನು "ಏನೂ ಆಗಲ್ಲ, ಸುಮ್ನಿರಿ" ಅಂದಿದ್ದೆ. ಹಾಗಂದ್ರೆ ಆಯ್ತಾ? ಆ ಮನುಷ್ಯ ದಿನಾ ಮೆಟ್ಟಿಲು ಎಣಿಸ್ತಿದ್ರು, ವಾಲ್ವ್ ಎಣಿಸ್ತಿದ್ರು, ಡಬ್ಬೀಲಿ ತಂದ ಮುದ್ದೆ ಮುಗಿಸಿ ಕೈ ತೊಳೆಯುವಾಗ ಬೆರಳು ಎಣಿಸ್ತಿದ್ರು. ತಲೆ ಇನ್ನೂ ನೆಟ್ಟಗಿದೆಯಾ ಅಂತ ಅವರೇ ಅವರಿಗೆ ದಿನಾ ಇಡ್ತಿದ್ದ ಪರೀಕ್ಷೆ ಅದು.

ಈಗ ಆ ದಿನಕ್ಕೆ ಬರ್ತೀನಿ. ಹೋದ ವರ್ಷ ಶ್ರಾವಣ ಮುಗೀತಾ ಇತ್ತು. ಮಧ್ಯಾಹ್ನ ಲಾರೀಲಿ ಎರಡು ಡ್ರಮ್ ಬಂತು. ಎರಡೂ ಬ್ರೋಮೋ ಅನಿಸೋಲ್, ಅಂದ್ರೆ ಬ್ರೋಮಿನ್ ಬಾಡಿಗೆಗಿರೋ ಆ ವಠಾರವೇ, ಒಂದೇ ಬಣ್ಣ, ಹೆಚ್ಚುಕಮ್ಮಿ ಒಂದೇ ವಾಸನೆ. ಒಂದು ಮೆಟಾ, ಒಂದು ಪ್ಯಾರಾ, ಅಷ್ಟೇ ವ್ಯತ್ಯಾಸ. ದಾರೀಲಿ ಒಂದರ ಮುಚ್ಚಳ ಸೋರಿ, ಎರಡೂ ಡ್ರಮ್ಮಿನ ಮೇಲಿದ್ದ ಹೆಸರು ಅಳಿಸಿಹೋಗಿತ್ತು. ಆ ದ್ರವ ಇಂಕನ್ನ ತಿಂದು ಹಾಕುತ್ತೆ. ಎರಡರಿಂದಲೂ ಸ್ಯಾಂಪಲ್ ತಗೊಂಡು, ಯಂತ್ರಕ್ಕೆ ಹಾಕಿ, ಯಾವುದು ಯಾವುದು ಅಂತ ನಾನೇ ಕಂಡುಹಿಡಿದೆ. ಅದರಲ್ಲಿ ತಪ್ಪಿಲ್ಲ, ಈಗಲೂ ಆಣೆ ಮಾಡಿ ಹೇಳ್ತೀನಿ.

ಕಂಡುಹಿಡಿದ ಮೇಲೆ ಹಸಿರು ಲೇಬಲ್ ಪ್ರಿಂಟ್ ಮಾಡಿ ಅಂಟಿಸ್ಬೇಕು. ಪ್ರಿಂಟರ್ ಕೆಟ್ಟು ಎರಡು ದಿನ ಆಗಿತ್ತು. ಕೈಯಲ್ಲಿ ಬರೆದ ಲೇಬಲ್ ಹಾಕಂಗಿಲ್ಲ, ಹಾಕಿ ಸಿಕ್ಕಿಬಿದ್ರೆ ಸೀದಾ ಮನೆಗೆ. ಅದು ನಾನೇ ಎಲ್ಲರಿಗೂ ಪಾಠ ಮಾಡಿದ ನಿಯಮ. ಆದ್ರೆ ಅವತ್ತು ನನಗೆ ಸಾಕಾಗಿಹೋಗಿತ್ತು. ವಾರದಿಂದ ಆಡಿಟ್ ಆಡಿಟ್ ಅಂತ ಜೀವ ತಿಂದಿದ್ರು, ಬೆನ್ನು ಹಿಡ್ಕೊಂಡಿತ್ತು, ಪ್ಲಾಂಟಿನೋರು "ಮೇಡಂ ಡ್ರಮ್, ಮೇಡಂ ಡ್ರಮ್" ಅಂತ ಅರ್ಧ ಗಂಟೆಗೊಂದು ಫೋನು. ಸ್ಟೋರಿನ ದೇವೇಂದ್ರ ಒಂದು ಟೇಪು, ಒಂದು ಮಾರ್ಕರ್ ತಂದು ಮುಂದೆ ಇಟ್ಟ.

"ಸದ್ಯಕ್ಕೆ ಹಿಂಗೆ ಹಾಕಿ ಮೇಡಂ, ನಾಳೆ ಲೇಬಲ್ ಬದಲಾಯಿಸಿದ್ರಾಯ್ತು. ಕನ್ನಡದಲ್ಲೇ ಬರೀರಿ, ಡ್ರಮ್ ಎತ್ತೋರು ಇಂಗ್ಲಿಷ್ ಓದಲ್ಲ" ಅಂದ.

ನನ್ನ ಕಂಪ್ಯೂಟರಲ್ಲಿ ಅವೆರಡಕ್ಕೆ ಮೆಟಾ, ಪ್ಯಾರಾ ಅಂತ ಇರಲ್ಲ. ತ್ರೀ-ಬ್ರೋಮೋ, ಫೋರ್-ಬ್ರೋಮೋ ಅಂತ ಇರುತ್ತೆ. ತ್ರೀ ಅಂದ್ರೆ ಮೆಟಾ, ಫೋರ್ ಅಂದ್ರೆ ಪ್ಯಾರಾ. ನಾನು ಜಾಣತನ ಮಾಡಿದೆ ಅಂದ್ಕೊಂಡು ಒಂದು ಟೇಪಿನ ಮೇಲೆ "ಮೂರನೇ ಮನೆ" ಅಂತ ಬರೆದೆ, ಇನ್ನೊಂದರ ಮೇಲೆ "ನಾಲ್ಕನೇ ಮನೆ" ಅಂತ ಬರೆದೆ. ರಾಮಾಂಜಿನಪ್ಪನೋರ ವಠಾರದ ಭಾಷೆ ಅಲ್ವಾ, ಅವರಿಗೆ ನೋಡಿದ ತಕ್ಷಣ ಗೊತ್ತಾಗುತ್ತೆ ಅಂತ ಒಳಗೊಳಗೇ ಖುಷಿನೂ ಪಟ್ಟೆ. ಬರೆದು ಅಂಟಿಸಿ ಆರೂವರೆಗೆ ಮನೆಗೆ ಹೋದೆ.

ಮಾರನೇ ದಿನ ಬೆಳಗ್ಗೆ ಅವರಿಗೆ ಮೆಟಾ ಬ್ಯಾಚ್ ಇತ್ತು. ಡ್ರಮ್ ತರಿಸ್ಕೊಂಡ್ರು, ಹಾಕಿದ್ರು, ಕಾದ್ರು, ಹತ್ಕೊಂತು. ಎಲ್ಲಾ ಸಲೀಸಾಗಿ ನಡೀತು. ಅದೇ ನೋಡಿ ಈ ಕೆಲಸದ ದರಿದ್ರ, ತಪ್ಪು ಮನೆಯ ಬ್ರೋಮಿನ್ ಕೂಡ ಅಷ್ಟೇ ಮರ್ಯಾದೆಯಾಗಿ ಖಾಲಿ ಮಾಡುತ್ತೆ. ಹೊಗೆ ಇಲ್ಲ, ಸದ್ದಿಲ್ಲ. ಎರಡು ದಿನ ಆದ್ಮೇಲೆ ಮಾಲು ನನ್ನ ಲ್ಯಾಬಿಗೆ ಬಂತು. ಯಂತ್ರಕ್ಕೆ ಹಾಕಿದ್ರೆ, ಒಂಬತ್ತೂವರೆ ನಿಮಿಷಕ್ಕೆ ಬರಬೇಕಾಗಿದ್ದ ಗೆರೆ ಒಂಬತ್ತೂ ಮುಕ್ಕಾಲಿಗೆ ಬಂತು. ಯಂತ್ರ ಕೆಟ್ಟಿದೆ ಅಂದ್ಕೊಂಡು ಮೂರು ಸಲ ಹಾಕಿದೆ. ಮೂರು ಸಲವೂ ಅದೇ. ಮೆಟಾ ಹೋಗಬೇಕಾಗಿದ್ದ ಜಾಗಕ್ಕೆ ಪ್ಯಾರಾ ಹೋಗಿತ್ತು. ಇಡೀ ಬ್ಯಾಚ್ ನೀರಿಗೆ.

ನನಗೆ ಪಿತ್ತ ನೆತ್ತಿಗೇರಿತು. ಪ್ಲಾಂಟಿಗೆ ನುಗ್ಗಿ, ಆರು ಜನ ನಿಂತಿದ್ದಾರೆ ಅಂತಾನೂ ನೋಡ್ದೆ, "ಯಾವ ಡ್ರಮ್ ಹಾಕಿದ್ರಿ? ಅಷ್ಟು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೀನಲ್ರೀ, ತಲೆ ಎಲ್ಲಿಟ್ಟಿದ್ರಿ?" ಅಂತ ಕೂಗಾಡಿದೆ. ಟೇಪಲ್ಲಿ ಏನು ಬರೆದಿತ್ತು ಅಂತ ಹೇಳ್ಲೂ ಇಲ್ಲ, ಯಾರೂ ಕೇಳ್ಲೂ ಇಲ್ಲ.

ರಾಮಾಂಜಿನಪ್ಪನೋರ ಮುಖ ಬೂದಿ ಬಣ್ಣ ಆಯ್ತು. ಟವಲ್ ಹೆಗಲಿಂದ ತೆಗೆದು ಕೈಲಿ ಹಿಡ್ಕೊಂಡು, "ಮೆಟಾನೇ ಅಂದ್ಕೊಂಡು ಹಾಕಿದ್ದು ಮೇಡಂ" ಅಂದ್ರು. ಡ್ರಮ್ ನೋಡೋಣ ಅಂತ ಹಿಂದ್ಗಡೆ ಹೋದ್ವಿ. ಖಾಲಿ ಡ್ರಮ್ಮನ್ನ ತೊಳೆದು ಆಗಿತ್ತು, ಟೇಪು ಕಿತ್ತು ಕಸಕ್ಕೆ ಹೋಗಿತ್ತು. ಇನ್ನೊಂದು ಡ್ರಮ್ಮಿನ ಮೇಲಿದ್ದ ಟೇಪನ್ನ ದೇವೇಂದ್ರ ಆಗಲೇ ತೆಗೆದು ಹೊಸ ಹಸಿರು ಲೇಬಲ್ ಹಾಕಿದ್ದ. "ಟೇಪ್ ವಿಷಯ ನಾನೂ ಎತ್ತಲ್ಲ, ನೀವೂ ಎತ್ಬೇಡಿ" ಅಂತ ನನ್ನ ಕಿವೀಲಿ ಹೇಳಿದ. ನಾನು ಎತ್ತಲಿಲ್ಲ.

ಎರಡು ದಿನ ಆದ್ಮೇಲೆ ವಿಚಾರಣೆ. ನಮ್ಮಲ್ಲಿ ಏನೇ ತಪ್ಪಾದ್ರೂ ಕ್ವಾಲಿಟಿ ಮ್ಯಾನೇಜರ್ ಅನಿಲ್‌ಕುಮಾರ್ ಸಾರ್ ಒಂದು ಫಾರಂ ಇಟ್ಕೊಂಡು ಐದು ಸಲ "ಯಾಕೆ" ಅಂತ ಕೇಳ್ತಾರೆ. ಐದನೇ ಯಾಕೆಗೆ ಸಿಗೋ ಉತ್ತರವೇ ಮೂಲ ಕಾರಣ ಅಂತ ಶಾಸ್ತ್ರ. ಕೆಟ್ಟ ಮನುಷ್ಯ ಅಲ್ಲ ಅವರು, ಗಿರಾಕಿ ಕಂಪನಿಗೆ ಸಂಜೆಯೊಳಗೆ ಫಾರಂ ಕಳಿಸಬೇಕು, ಅಷ್ಟೇ ಅವರ ಚಿಂತೆ. ಮೇಜಿನ ಆ ಕಡೆ ರಾಮಾಂಜಿನಪ್ಪನೋರು ಕುರ್ಚಿಯ ತುದೀಲಿ ಕೂತಿದ್ರು. ಎರಡು ದಿನದಲ್ಲಿ ಎರಡು ವರ್ಷ ವಯಸ್ಸಾದ ಹಾಗಿತ್ತು.

"ಬ್ಯಾಚ್ ಯಾಕೆ ಫೇಲಾಯ್ತು?"

"ಬೇರೆ ಡ್ರಮ್ ಹೋಯ್ತು ಸಾರ್."

"ಬೇರೆ ಡ್ರಮ್ ಯಾಕೆ ಹೋಯ್ತು?"

"ಅದೇ ಮೆಟಾ ಅಂದ್ಕೊಂಡೆ."

"ಯಾಕೆ ಹಾಗಂದ್ಕೊಂಡ್ರಿ?"

ಅವರು ಬೆರಳು ನೋಡ್ಕೊಂಡ್ರು. "ಎಣಿಕೆ ತಪ್ಪೋಯ್ತು ಸಾರ್. ಮೂರನೇದು ಹಾಕ್ಬೇಕಿತ್ತು, ನಾಲ್ಕನೇದು ಹಾಕ್ಬಿಟ್ಟೆ. ನಾನು ಯಜಮಾನನ ಮನೆ ಬಿಟ್ಟು ಎಣಿಸಿದೆ."

ಅನಿಲ್‌ಕುಮಾರ್ ಸಾರ್‌ಗೆ ಯಜಮಾನನೂ ಗೊತ್ತಿಲ್ಲ, ಮನೆಯೂ ಗೊತ್ತಿಲ್ಲ. ಸಾಲಾಗಿ ಇಟ್ಟಿದ್ದ ಡ್ರಮ್ ಎಣಿಸೋದರಲ್ಲಿ ತಪ್ಪಾಗಿದೆ ಅಂತ ತಿಳ್ಕೊಂಡು ಹಾಗೇ ಬರ್ಕೊಂಡ್ರು. ನನಗೆ ಮಾತ್ರ ಅರ್ಥ ಆಯ್ತು.

ನೀವೇ ಯೋಚನೆ ಮಾಡಿ. ನಮ್ಮನೆಯಿಂದ ಮೂರನೇ ಮನೆ ಅಂದ್ರೆ ಯಾರಾದ್ರೂ ನಮ್ಮನೇನ ಸೇರಿಸಿ ಎಣಿಸ್ತಾರಾ? ಪಕ್ಕದ್ದು ಒಂದು, ಅದರಾಚೆದು ಎರಡು, ಅದರಾಚೆದು ಮೂರು. ಆರು ಮನೆ ವಠಾರದಲ್ಲಿ ಹಾಗೆ ಎಣಿಸಿದ್ರೆ ಮೂರನೇದು ಎದುರುಮನೆ, ಅಂದ್ರೆ ಪ್ಯಾರಾ. ನಾಲ್ಕನೇದು ಸುತ್ತಿ ಆ ಕಡೆಯಿಂದ ಬಂದು ಒಂದ್ಮನೆ ಬಿಟ್ಟು ನಿಲ್ಲುತ್ತೆ, ಅಂದ್ರೆ ಮೆಟಾ. ಪುಸ್ತಕದಲ್ಲಿ ಮಾತ್ರ ಯಜಮಾನನ ಮನೆಗೇ ಒಂದು ಅಂತ ನಂಬರ್ ಹಾಕ್ತಾರೆ. ಆ ಲೆಕ್ಕದಲ್ಲಿ ಮೂರು ಮೆಟಾ, ನಾಲ್ಕು ಪ್ಯಾರಾ. ಊರಿನ ಭಾಷೇಲಿ ಬರೆದು ಪುಸ್ತಕದ ಲೆಕ್ಕ ಇಟ್ಟೋಳು ನಾನು. ಅವರು ಓದಿದ್ದು ಸರಿಯಾಗೇ ಓದಿದ್ರು. ಎರಡು ಡ್ರಮ್ಮೂ ನನ್ನ ಕೈಬರಹದಿಂದಲೇ ಅದಲು ಬದಲಾಗಿದ್ದು.

ಅನಿಲ್‌ಕುಮಾರ್ ಸಾರ್ ನಾಲ್ಕನೇದು ಕೇಳಿದ್ರು. "ಎಣಿಕೆ ಯಾಕೆ ತಪ್ಪಿತು?"

ರಾಮಾಂಜಿನಪ್ಪನೋರು "ವಯಸ್ಸಾಯ್ತಲ್ಲ ಸಾರ್" ಅಂದ್ರು.

ಐದನೇ ಯಾಕೆ ಕೇಳಲೇ ಇಲ್ಲ. "ಸಾಕು, ಇಷ್ಟು ಸಿಕ್ತಲ್ಲ" ಅಂತ ಪೆನ್ನು ಮುಚ್ಚಿದ್ರು. ಬಾಯಿ ಬಿಡ್ಬೇಕಾಗಿದ್ದು ನಾನು. ಟೇಪು ಅಂತ ಒಂದು ಪದ ಸಾಕಾಗಿತ್ತು. ಆದ್ರೆ ಹದಿನಾಲ್ಕು ವರ್ಷದ ಕೆಲಸ, ಸೀದಾ ಮನೆಗೆ, ಅದೇ ತಲೇಲಿ ಸುತ್ತಿತು. ಹೆದರಿದೆ. ಬೇರೆ ಕಾರಣ ಏನೂ ಇಲ್ಲ, ಸುಮ್ಮನೆ ಹೆದರಿದೆ. ಫಾರಂ ನನ್ನ ಮುಂದೆ ಬಂತು, ಸಹಿ ಹಾಕಿದೆ.

ಹೊರಗೆ ಬಂದಾಗ ರಾಮಾಂಜಿನಪ್ಪನೋರು ನನಗೋಸ್ಕರವೇ ನಿಂತಿದ್ರು. "ನಿಮ್ಮದೇನೂ ತಪ್ಪಿಲ್ಲ ಮೇಡಂ. ನಾನು ಪುಸ್ತಕ ತಗ್ಸಿ ನೋಡ್ದೆ. ಯಜಮಾನನ ಮನೆಗೇ ಒಂದು ಅಂತ ಹಾಕವ್ರೆ. ನೀವು ಬರ್ದಿದ್ದು ಸರಿಯಾಗೈತೆ. ನನಗೇ ಶುರುವಾಯ್ತು ಅನ್ಸುತ್ತೆ." ಏನು ಶುರುವಾಯ್ತು ಅಂತ ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. "ಹಾಗೆಲ್ಲ ಏನಿಲ್ಲ" ಅಂತ ಗೊಣಗಿ ಲ್ಯಾಬಿಗೆ ಹೋಗಿ ಬಾಗಿಲು ಹಾಕ್ಕೊಂಡೆ. ಥೂ ನನ್ನ ಜನ್ಮಕ್ಕೆ ಅಂತ ನನಗೆ ನಾನೇ ಬೈಕೊಂಡೆ. ಬೈಕೊಂಡ್ರೆ ಏನು ಬಂತು?

ಮಾರನೇ ದಿನ ಅವರೇ ಹೋಗಿ ರಿಯಾಕ್ಟರ್ ಬೇಡ ಅಂತ ಅರ್ಜಿ ಕೊಟ್ರು. "ಎಣಿಕೆ ತಪ್ಪೋನು ಅಲ್ಲಿ ನಿಲ್ಲಬಾರದು ಸಾರ್, ಜನ ಸಾಯ್ತಾರೆ" ಅಂದ್ರಂತೆ. ಕೊಳಚೆ ನೀರು ಶುದ್ಧ ಮಾಡೋ ಘಟಕಕ್ಕೆ ಹಾಕಿದ್ರು. ಅಲ್ಲಿ ಗಂಟೆಗೊಂದು ಸಲ ಮೀಟರ್ ನೋಡಿ ಬರ್ಕೋಬೇಕು, ಅಷ್ಟೇ ಕೆಲಸ. ಅದನ್ನೂ ಅವರು ಎರಡೆರಡು ಸಲ ನೋಡಿ, ಆಮೇಲೆ ಇನ್ನೊಬ್ರನ್ನ ಕರೆದು "ಒಸಿ ನೋಡಪ್ಪ, ಏಳೂವರೆ ತಾನೆ?" ಅಂತ ಕೇಳ್ತಿದ್ರಂತೆ. ನಾನು ಆ ಕಡೆ ಹೋಗೋದನ್ನೇ ಬಿಟ್ಟೆ. ಕ್ಯಾಂಟೀನಿಗೂ ಅವರು ಊಟ ಮುಗಿಸಿದ ಮೇಲೆ ಹೋಗ್ತಿದ್ದೆ.

ವಿಚಾರಣೆ ಆದ ಹನ್ನೊಂದನೇ ದಿನ ಮಧ್ಯಾಹ್ನ ಗೇಟ್ ಹತ್ರ ಕೊರಿಯರ್ ಇಸ್ಕೊಳ್ಳೋಕೆ ಹೋದಾಗ ವಾಚ್‌ಮನ್ ಹೇಳಿದ. "ಅವರ ಹೆಂಡ್ರು ದಿನಾ ಐದು ಗಂಟೆಗೆ ಬಂದು ಕರ್ಕೊಂಡು ಹೋಗ್ತಾರೆ ಮೇಡಂ. ಬಸ್ ಮರೆತು ಎಲ್ಲಾದ್ರೂ ಹೋಗ್ಬಿಟ್ರೆ ಅಂತ ಭಯ ಅಂತೆ. ಪಾಪ, ಅಲ್ಲಿ ಭಾವನನ್ನ ಪಕ್ಕದ್ಮನೆಯೋರಿಗೆ ಒಪ್ಪಿಸಿ ಎರಡು ಬಸ್ ಹತ್ತಿ ಬರ್ತಾರೆ." ಚೆನ್ನಾಗಿರೋ ಮನುಷ್ಯನಿಗೆ ಕಾಯಿಲೆ ಅಂತ ಆ ಮನೇಲಿ ತೀರ್ಮಾನ ಆಗಿಹೋಗಿತ್ತು, ಅದಕ್ಕೆ ಕಾರಣ ನನ್ನ ಒಂದು ತುಂಡು ಟೇಪು.

ಅಲ್ಲಿಂದ ಸೀದಾ ಅನಿಲ್‌ಕುಮಾರ್ ಸಾರ್ ರೂಮಿಗೆ ಹೋಗಿ ಎಲ್ಲಾ ಹೇಳ್ದೆ. ಟೇಪು, ಮನೆ, ಎಣಿಕೆ, ಎಲ್ಲಾ. ಕೆಲಸದಿಂದ ತೆಗೀಲಿ ಅಂತ ಗಟ್ಟಿ ಮನಸ್ಸು ಮಾಡ್ಕೊಂಡೇ ಹೋಗಿದ್ದೆ. ಅವರು ಕನ್ನಡಕ ತೆಗೆದು ಹಣೆ ಉಜ್ಕೊಂಡ್ರು.

"ಪ್ರಮೋದಾ, ಗಿರಾಕಿ ಆ ಉತ್ತರ ಒಪ್ಕೊಂಡು ಫೈಲ್ ಮುಚ್ಚಿ ಆಯ್ತು. ಈಗ ಲೇಬಲ್ಲೇ ತಪ್ಪು ಅಂತ ಹೋದ್ರೆ ಇಡೀ ಕಂಪನಿ ಮೇಲೆ ಬರುತ್ತೆ. ಆಪರೇಟರ್ ತಪ್ಪು ಅಂದ್ರೆ ಅಲ್ಲಿಗೆ ಮುಗೀತು. ನೀವು ನನ್ನ ಹತ್ರ ಏನೂ ಹೇಳಿಲ್ಲ, ನಾನೂ ಕೇಳಿಲ್ಲ. ಹೋಗಿ, ಕೆಲಸ ನೋಡ್ಕೊಳ್ಳಿ."

"ಅವರ ಹೆಸರು ಸಾರ್?"

"ಇನ್ನೆರಡು ವರ್ಷಕ್ಕೆ ರಿಟೈರ್ ಆಗೋರು ಕಣ್ರೀ. ಅವರಿಗೇನು ಆಗಬೇಕಾಗಿದೆ?"

ಜಗಳ ಆಡೋಕೂ ನನ್ನಲ್ಲಿ ತ್ರಾಣ ಇರಲಿಲ್ಲ. ನಾಲ್ಕೂ ಮುಕ್ಕಾಲಿಗೆ ಆ ನೀರಿನ ಘಟಕದ ಕಡೆ ಹೋದೆ. ಟ್ಯಾಂಕಿನ ಪಕ್ಕ ಪೈಪಿನ ಮೇಲೆ ಕೂತು ಅವರು ಪುಸ್ತಕದಲ್ಲಿ ಏನೋ ಬರೀತಿದ್ರು. ನಾನು ನಿಂತ್ಕೊಂಡೇ ಹೇಳ್ದೆ. ಒಂದೇ ಉಸಿರಲ್ಲಿ, ಮುಖ ನೋಡ್ದೆ ಹೇಳ್ದೆ. ನೀವು ಎಣಿಸಿದ್ದೇ ಸರಿ, ನಾನು ಬರೆದಿದ್ದೇ ತಪ್ಪು, ಮನೆ ಅಂತ ಬರೆದ ಮೇಲೆ ಮನೆ ಲೆಕ್ಕವೇ ಇರಬೇಕಿತ್ತು ಅಂದೆ.

ಅವರು ನೆಲದ ಮೇಲೆ ಬೆರಳಲ್ಲಿ ಆರು ಚುಕ್ಕಿ ಇಟ್ರು. ಒಂದರ ಮೇಲೆ ಬೆರಳಿಟ್ಟು, ಪಕ್ಕದಿಂದ ಎಣಿಸಿದ್ರು. ಇನ್ನೊಂದು ಸಲ ಎಣಿಸಿದ್ರು.

"ಹಂಗಾದ್ರೆ ನನ್ನ ತಲೆ..."

"ನಿಮ್ಮ ತಲೆಗೆ ಏನೂ ಆಗಿಲ್ಲ. ಸರಿಯಾಗಿದೆ."

ಟವಲಿಂದ ಮುಖ ಮುಚ್ಕೊಂಡ್ರು. ನಾನು ಏನು ಮಾಡ್ಬೇಕು ಅಂತ ಗೊತ್ತಾಗದೆ ಟ್ಯಾಂಕಿನ ನೀರು ನೋಡ್ತಾ ನಿಂತೆ. ಟವಲ್ ತೆಗೆದಾಗ ಅವರ ಕಣ್ಣು ಕೆಂಪಾಗಿತ್ತು, ಆದ್ರೆ ಅದರಲ್ಲಿ ನಾನು ಇಷ್ಟು ವರ್ಷದಲ್ಲಿ ನೋಡದೇ ಇದ್ದ ಸಿಟ್ಟಿತ್ತು.

"ಇದು ನಿಮಗೆ ಮೀಟಿಂಗಲ್ಲೇ ಗೊತ್ತಾಯ್ತಾ?"

"ಹೂಂ."

"ಹೊರಗಡೆ ನಿಮಗೋಸ್ಕರ ನಿಂತಿದ್ನಲ್ಲ, ಆಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು. ಈಗ ಸಾರ್‌ಗೆ ಹೇಳಿ ಬಂದೆ. ಫೈಲ್ ಬದಲಾಯಿಸಲ್ಲ ಅಂದ್ರು."

"ಫೈಲ್ ಮನೆ ಹಾಳಾಗೋಗ್ಲಿ!" ಅಂದ್ರು. ಅವರು ಕೂಗಿದ್ದನ್ನ ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ಎದ್ದು ನಿಂತ್ರು. "ಗೇಟ್ ಹತ್ರ ಅವಳು ಬಂದಿರ್ತಾಳೆ. ನೀವೇ ಬಂದು ಹೇಳಿ. ನಾನು ಹೇಳಿದ್ರೆ ನಂಬಲ್ಲ. ನಮ್ಮಣ್ಣನೂ ಹಿಂಗೇ ಹೇಳ್ತಿದ್ದ, ನಂಗೇನೂ ಆಗಿಲ್ಲ ಅಂತ."

ಅಮ್ಮಯಮ್ಮ ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ನಿಂತಿದ್ರು. ಬಿಸಿಲಿಗೆ ಸೆರಗು ತಲೆ ಮೇಲೆ ಎಳ್ಕೊಂಡಿದ್ರು. ಗಂಡ ಬಂದ ತಕ್ಷಣ ಅವರ ಕೈ ಹಿಡ್ಕೊಂಡ್ರು, ರಸ್ತೆ ದಾಟಿಸೋ ಹಾಗೆ. ರಾಮಾಂಜಿನಪ್ಪನೋರು ಕೈ ಬಿಡಿಸ್ಕೊಳ್ಳಲಿಲ್ಲ. "ಮೇಡಂ ಏನೋ ಹೇಳ್ಬೇಕಂತೆ, ಕೇಳು" ಅಂದ್ರು.

ಎಲ್ಲಿಂದ ಶುರು ಮಾಡ್ಲಿ? ಬ್ರೋಮಿನ್ ಅಂತಲಾ? "ಅಮ್ಮಾ, ನಿಮ್ಮನೆಯಿಂದ ಮೂರನೇ ಮನೆ ಯಾರದು?" ಅಂತ ಕೇಳ್ದೆ.

ಅವರಿಗೆ ನನಗೇ ತಲೆ ಕೆಟ್ಟಿದೆ ಅನ್ನಿಸಿರಬೇಕು. ಆದ್ರೂ ಬೆರಳು ಮಡಚಿದ್ರು. "ಗೌರಮ್ಮನ ಮನೆ, ಆಮೇಲೆ ಡೈರಿ ಕೃಷ್ಣಪ್ಪಂದು, ಆಮೇಲೆ ಕೆಂಪರಾಜಂದು. ಕೆಂಪರಾಜಂದು ಕಣವ್ವ. ಯಾಕೆ?"

"ನಿಮ್ಮನೇನ ಎಣಿಸ್ಲಿಲ್ವಾ?"

"ನಮ್ಮನೆ ಯಾಕೆ ಎಣಿಸ್ತಾರೆ? ನಮ್ಮನೇಲಿ ನಾವೇ ಇರ್ತೀವಲ್ಲ."

"ಇವರೂ ಹಾಗೇ ಎಣಿಸಿದ್ರು. ಅದೇ ಸರಿ. ನಾನು ಬೇರೆ ಥರ ಎಣಿಸಿ ಡ್ರಮ್ ಮೇಲೆ ತಪ್ಪಾಗಿ ಬರೆದಿದ್ದೆ. ಬ್ಯಾಚ್ ಕೆಟ್ಟಿದ್ದು ನನ್ನಿಂದ. ಇವರಿಗೆ ಏನೂ ಆಗಿಲ್ಲಮ್ಮ. ಮರೆವೂ ಇಲ್ಲ, ಏನೂ ಇಲ್ಲ."

ಅವರು ಗಂಡನ ಮುಖ ನೋಡಿದ್ರು, ನನ್ನ ಮುಖ ನೋಡಿದ್ರು. "ಇವ್ರು ರಾತ್ರಿಯೆಲ್ಲಾ ಹಾಸಿಗೇಲಿ ಎದ್ದು ಕೂತ್ಕೊಂಡು ಮಗ್ಗಿ ಹೇಳ್ಕೊಳೋರು ಕಣವ್ವ. ಎರಡೊಂದ್ಲ ಎರಡು ಅಂತ. ಎಳೇ ಮಗು ಥರ. ಪಕ್ಕದಲ್ಲಿ ಇವ್ರಣ್ಣ ಮಲಗಿರೋರು, ಆ ಕಡೆ ಈ ಕಡೆ ನೋಡಿ ನನಗೆ ಯಾವುದಕ್ಕೆ ಅಳ್ಬೇಕು ಅಂತ್ಲೇ ಗೊತ್ತಾಗ್ತಿರ್ಲಿಲ್ಲ." ಕಣ್ಣೊರೆಸ್ಕೊಂಡು ಕೇಳಿದ್ರು. "ಇದು ನಿನಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

ಸುಳ್ಳು ಹೇಳಬಹುದಾಗಿತ್ತು. ಇವತ್ತೇ ಗೊತ್ತಾಯ್ತು ಅನ್ನಬಹುದಾಗಿತ್ತು.

"ಹನ್ನೊಂದು ದಿನ" ಅಂದೆ.

"ಅದನ್ನ ಮಾತ್ರ ಸರಿಯಾಗಿ ಎಣಿಸಿದ್ದೀಯ" ಅಂದ್ರು ಅಮ್ಮಯಮ್ಮ.

ರಾಮಾಂಜಿನಪ್ಪನೋರು ಯಾವತ್ತೂ ಯಾರನ್ನೂ ನೋಯಿಸೋಕೆ ಬಿಡದ ಮನುಷ್ಯ. "ಬಿಡೇ, ಹೋಗ್ಲಿ" ಅಂತಾರೆ ಅಂತ ನಾನು ಅವರ ಮುಖ ನೋಡಿದೆ. ಅವರು ಅನ್ನಲಿಲ್ಲ. ಟೌನ್ ಬಸ್ ಬಂತು, ಇಬ್ಬರೂ ಹತ್ತಿ ಹೋದ್ರು.